ಸಾಕುಬಾತಿನ ಕತ್ತಿನ ಗರಿ ಉದುರುವುದೇಕೆ?

ಕಳೆದ ವರ್ಷ ಸುಗ್ಗಿ ಮುಗಿದ ತರುವಾಯ, ಬಿತ್ತನೆಯ ಭತ್ತದ ವಿಚಾರವಾಗಿ ಮಂಡ್ಯದ ಕಡೆಯ ನಾಲಾಬಯಲಿನ ಒಂದು ಗ್ರಾಮಕ್ಕೆ ನಾವು ಹೋಗಬೇಕಾಗಿ ಬಂದಿತು. ಬಂದ ಕೆಲಸವು ಮುಗಿದು ಹೊರಡುವ ವೇಳೆಗೆ ಆ ಊರಿನ ಹಿರಿಯ ಯಜಮಾನರೊಬ್ಬರು, "ತಾವು ಹೇಗೂ ದಯಮಾಡಿಸಿದ್ದೀರಿ, ನಮ್ಮ ಹಿತ್ತಿಲಲ್ಲಿ ಒಂದು ಬಾತುಕೋಳಿ ಇದೆ. ಅದಕ್ಕೆ ಏನೋ ಚರ್ಮರೋಗ ತಗುಲಿದ ಹಾಗಿದೆ. ಒಂದು ಸಲ ನೋಡಿ ಹೋಗಬೇಕು" ಎಂದು ಕೇಳಿಕೊಂಡರು. ಹಿತ್ತಿಲಿಗೆ ಹೋಗಿ ನೋಡಲಾಗಿ, ಎಂಟು ಒಂಬತ್ತು ವಯಸ್ಸಿನ ಅವರ ಮೊಮ್ಮಗಳು ಬಿಳಿಯ ಬಾತೊಂದನ್ನು ಮಡಿಲಲ್ಲಿ ಅವಚಿಕೊಂಡು ಜಗುಲಿಯ ಮೂಲೆಯಲ್ಲಿ ಕುಳಿತಿದ್ದಳು. ಬಾತಿನ ಹೆಡತಲೆಯಿಂದ ಕೆಳಕ್ಕೆ ಎರಡು ಬೆರಳಗಲ, ನಾಲ್ಕು ಬೆರಳುದ್ದ ಗರಿಯೆಂಬುದೇ ಇರಲಿಲ್ಲ. ಚರ್ಮವು ಕೆಂಪಾಗಿ ಒಂದೆರಡು ಕಡೆ ಹಕ್ಕಳೆ ಕಟ್ಟಿತ್ತು. ಗಂಟಲಿನ ಮುಂಭಾಗದಲ್ಲಿಯೂ ಒಂದು ಸಣ್ಣ ಬೋಳು ಕಾಣುತ್ತಿತ್ತು.

ಎರಡು ತಿಂಗಳಿನಿಂದ ಹೀಗೆಯೇ ಇರುವುದೆಂದೂ, ಮೊದಲು ಬೇವಿನೆಣ್ಣೆಯನ್ನೂ ತರುವಾಯ ಸೀಮೆಎಣ್ಣೆಯನ್ನೂ ಸವರಿ ನೋಡಿದರೂ ಗುಣವಾಗಲಿಲ್ಲವೆಂದೂ ಯಜಮಾನರು ತಿಳಿಸಿದರು. ಮನೆಯಲ್ಲಿ ಮೂವತ್ತು ನಾಟಿಕೋಳಿಗಳಿದ್ದವು. ರೋಗವು ಅವುಗಳಿಗೆ ಹರಡೀತೆಂಬುದೇ ಅವರ ಭಯ. ಆ ದಿನ ಅವರು ಬೆಳೆಯ ಹುಳುಗಳಿಗೆ ಎರಚುವ ಪುಡಿಯ ಪೊಟ್ಟಣವೊಂದನ್ನು ತರಿಸಿ ಇಟ್ಟಿದ್ದರು. ಅದನ್ನು ಹಚ್ಚಿ ಎಂಟು ದಿನ ನೋಡುವುದು, ವಾಸಿಯಾಗದಿದ್ದರೆ ಬಾತನ್ನು ತೀರಿಸಿಬಿಡುವುದು ಎಂದು ಮನೆಯಲ್ಲಿ ನಿಶ್ಚಯವಾಗಿತ್ತು. ಮಗುವು ಅದನ್ನು ಬಿಟ್ಟು ಏಳದಿದ್ದುದಕ್ಕೆ ಕಾರಣವು ಇದೇ.

ಬಾತಿನ ಕತ್ತು ಬೋಳಾದ ವಿಷಯವು ಈ ಪತ್ರಿಕೆಯಲ್ಲಿ ಬರೆಯತಕ್ಕಷ್ಟು ದೊಡ್ಡದೇ ಎಂದು ಕೆಲವರು ಕೇಳಬಹುದು. ಗದ್ದೆಯ ಮತ್ತು ತೋಟದ ಬಸವನಹುಳುಗಳನ್ನು ತಿನ್ನುವುದಕ್ಕೆಂದೂ, ಮೊಟ್ಟೆಗೆಂದೂ, ಮಕ್ಕಳ ಸಂತೋಷಕ್ಕೆಂದೂ ಎರಡು ಮೂರು ಬಾತುಗಳನ್ನು ತಂದು ಬಿಡುವ ಮನೆಗಳು ನಮ್ಮ ನೀರಾವರಿ ಪ್ರದೇಶಗಳಲ್ಲಿ ಉಂಟು. ಕೋಳಿಯ ಸ್ವಭಾವವನ್ನು ನಮ್ಮ ರೈತರು ತಲೆತಲಾಂತರದಿಂದ ಬಲ್ಲರು. ಬಾತಿನದನ್ನು ಅಷ್ಟಾಗಿ ಅರಿಯರು. ಊರಿನವರಿಗೆ ಸಂದೇಹ ಬಂದಾಗ ಅವರು ಮೊದಲು ಬಂದು ಕೇಳುವುದು ಈ ಪತ್ರಿಕೆಯನ್ನು ಓದತಕ್ಕ ಮಹನೀಯರನ್ನೇ. ಆದಕಾರಣ ನಾವು ಅಲ್ಲಿ ಕಂಡದ್ದನ್ನೂ, ನಾವು ಮಾಡಿದ ಒಂದು ತಪ್ಪನ್ನೂ ಮರೆಮಾಚದೆ ಇಲ್ಲಿ ಬರೆಯುತ್ತೇವೆ.

ಮೊದಲು ಆ ಪೊಟ್ಟಣವನ್ನು ಒಳಕ್ಕೆ ಕಳುಹಿಸಿದೆವು. ಬೆಳೆಗೆ ಎರಚುವ ವಿಷವನ್ನು ಹಕ್ಕಿಯ ಮೈಗೆ ಹಚ್ಚಲೇ ಕೂಡದು. ಬಾತು ದಿನದಲ್ಲಿ ಹತ್ತಾರು ಸಲ ಕೊಕ್ಕಿನಿಂದ ಗರಿಗಳನ್ನು ತೀಡಿಕೊಳ್ಳುವ ಪ್ರಾಣಿ. ಮೈಗೆ ಹಚ್ಚಿದ್ದೆಲ್ಲವೂ ಹೊಟ್ಟೆಗೆ ಹೋಗುವುದು, ಅಲ್ಲಿಂದ ಕೆಲವು ವಿಷಗಳು ಕೊಬ್ಬಿನಲ್ಲಿ ನೆಲೆಸಿ ಮೊಟ್ಟೆಗೂ ಇಳಿಯುವುವು. ಆ ಮನೆಯ ಮಕ್ಕಳು ಆ ಬಾತಿನ ಮೊಟ್ಟೆಯನ್ನು ತಿನ್ನುತ್ತಿದ್ದರು. ಹಿಂದೆ ಕೋಳಿಯ ಹೇನಿಗೆಂದು ಅನೇಕರು ಬಿ.ಎಚ್.ಸಿ. ಪುಡಿಯನ್ನು ಬಳಸುತ್ತಿದ್ದರು, ಭಾರತದಲ್ಲಿ ೧೯೯೭ರಲ್ಲಿ ಅದರ ಬಳಕೆಯನ್ನೇ ನಿಷೇಧಿಸಬೇಕಾಯಿತು. ಸೀಮೆಎಣ್ಣೆಯೂ ಒಳ್ಳೆಯದಲ್ಲ. ಅದು ಹುಣ್ಣಾದ ಚರ್ಮವನ್ನು ಸುಡುವುದಲ್ಲದೆ, ಗರಿಗೆ ನೀರು ಹತ್ತದಂತೆ ಇರುವ ಗುಣವನ್ನು ಕೆಡಿಸುವುದು. ಹಾಗೆ ಕೆಟ್ಟ ಬಾತು ನೀರಿಗಿಳಿದರೆ ಕೋಳಿಯಂತೆ ತೊಯ್ದು ತೊಪ್ಪೆಯಾಗಿ ಚಳಿ ಹಿಡಿಯುವುದು.

ಇನ್ನು ಕಾರಣವನ್ನು ಹುಡುಕುವ ವಿಚಾರ. ಗರಿ ಉದುರುವುದು ಒಂದು ರೋಗವಲ್ಲ. ನಾನಾ ಕಾರಣಗಳಿಂದ ಉಂಟಾಗತಕ್ಕ ಒಂದು ಚಿಹ್ನೆ ಮಾತ್ರ. ಹೀಗಿರಲು ಯಾವ ಔಷಧವೆಂದು ಕೇಳುವುದಕ್ಕೆ ಮುಂಚೆ, ಗರಿಯು ಯಾವ ಸ್ಥಳದಲ್ಲಿ ಹೋಗಿದೆ, ಆ ಸ್ಥಳವನ್ನು ಮುಟ್ಟುವುದು ಯಾರಿಂದ ಸಾಧ್ಯ ಎಂದು ಕೇಳಿಕೊಳ್ಳುವುದು ಉತ್ತಮ. ಬಾತಿನ ಕತ್ತು ಉದ್ದವಾಗಿ ಬಳುಕುವಂಥದು. ಅದರ ಕೊಕ್ಕು ಎದೆ, ಹೊಟ್ಟೆ, ಬೆನ್ನು, ಬಾಲದ ಬುಡ ಎಲ್ಲಕ್ಕೂ ಎಟುಕುವುದು. ಎಟುಕದ ಸ್ಥಳಗಳೆಂದರೆ ತನ್ನ ತಲೆ ಮತ್ತು ಹೆಡತಲೆ. ಈ ಭಾಗವನ್ನು ಅದು ಕಾಲಿನಿಂದ ಕೆರೆದು, ಬೆನ್ನಿಗೆ ಉಜ್ಜಿ ಶುಚಿ ಮಾಡಿಕೊಳ್ಳಬೇಕೇ ಹೊರತು ಕೊಕ್ಕಿನಿಂದಲ್ಲ. ಕಾವಿಗೆ ಕೂರುವ ಬಾತು ತನ್ನ ಗರಿಯನ್ನು ತಾನೇ ಕಿತ್ತು ಗೂಡಿಗೆ ಹಾಸುವುದುಂಟು. ಆದರೆ ಅದು ಎದೆಯ ಗರಿ. ಹೆಡತಲೆ ಬೋಳಾಗಿದ್ದರೆ ಅದನ್ನು ಆ ಬಾತಿನ ಕೊಕ್ಕು ಮಾಡಿದ್ದಲ್ಲ ಎಂದು ನೋಡಿದ ಕ್ಷಣವೇ ಹೇಳಬಹುದು. ಉಳಿದ ಸಂಶಯಗಳು ಮೂರು: ಗರಿ ತಾನಾಗಿ ಕಳಚಿತೆ, ಹೇನಿನ ಕಡಿತದಿಂದ ಕೆರೆದುಕೊಂಡು ಹೋಯಿತೆ, ಅಥವಾ ಬೇರೊಂದು ಪ್ರಾಣಿಯು ಹಿಡಿದೆಳೆಯಿತೆ?

ತಾನಾಗಿ ಕಳಚುವುದು ಪ್ರಕೃತಿಸಿದ್ಧವಾದದ್ದು. ಹಾವು ಪೊರೆ ಬಿಡುವಂತೆ ಬಾತುಗಳು ವರ್ಷಕ್ಕೆ ಒಂದು ಸಲವಾದರೂ ಹಳೆಯ ಗರಿಗಳನ್ನು ಬಿಟ್ಟು ಹೊಸದನ್ನು ತೊಡುವುವು. ಕಾಡುಬಾತುಗಳಲ್ಲಿ ಈ ಕಾಲಕ್ಕೆ ರೆಕ್ಕೆಯ ದೊಡ್ಡ ಗರಿಗಳೆಲ್ಲವೂ ಒಟ್ಟಿಗೆ ಉದುರಿ, ಕೆಲವು ವಾರಗಳ ಕಾಲ ಹಾರಲಾರದೆ ಅವು ಜೊಂಡಿನಲ್ಲಿ ಅಡಗಿರುವುವು. ಹಸಿರು ತಲೆಯ ಗಂಡುಬಾತು ಆಗ ತನ್ನ ಬಣ್ಣವನ್ನು ಕಳೆದುಕೊಂಡು ಹೆಣ್ಣಿನಂತೆ ಕಂದಾಗುವುದು. ಇದನ್ನು ಕಂಡು ಬಾತಿಗೆ ಮಾಟವಾಯಿತೆಂದು ಗಾಬರಿಯಾದ ಮನೆಯನ್ನೂ ನಾವು ಬಲ್ಲೆವು. ಕಾಲಕ್ರಮದಲ್ಲಿ ಕಳಚುವ ಗರಿಯ ಲಕ್ಷಣವೇನೆಂದರೆ, ಅದು ಕತ್ತಿನಲ್ಲಿ ಮಾತ್ರವಲ್ಲದೆ ಎದೆ, ಪಕ್ಕೆ, ಬೆನ್ನುಗಳಲ್ಲಿಯೂ ಎರಡು ಕಡೆ ಸಮನಾಗಿ ಹೋಗುವುದು, ಚರ್ಮವು ಕೆಂಪಾಗದು, ಉದುರಿದ ಜಾಗದಲ್ಲಿ ಆಗಲೇ ಮುಳ್ಳಿನಂಥ ಹೊಸ ಮೊಳಕೆಗರಿಗಳು ಕಾಣುವುವು, ಹೆಣ್ಣಾದರೆ ಸಾಮಾನ್ಯವಾಗಿ ಮೊಟ್ಟೆ ಇಡುವುದನ್ನು ನಿಲ್ಲಿಸುವುದು. ಎರಡರಿಂದ ನಾಲ್ಕು ತಿಂಗಳ ಎಳೆಯ ಬಾತುಗಳು ತುಪ್ಪುಳು ಬಿಟ್ಟು ಗರಿ ತೊಟ್ಟು, ಆ ಮೊದಲ ಗರಿಯನ್ನೂ ಬದಲಾಯಿಸುವಾಗ ನೋಡುವುದಕ್ಕೆ ಅಂದವಾಗಿರುವುದಿಲ್ಲ. ಅವುಗಳಿಗೂ ಚಿಕಿತ್ಸೆ ಬೇಡ. ಆದರೆ ನಮ್ಮ ಮುಂದೆ ಇದ್ದ ಬಾತು ಎರಡು ವರ್ಷದ್ದು, ಹಿಂದಿನ ದಿನವೂ ಮೊಟ್ಟೆ ಇಟ್ಟಿತ್ತು, ಬೇರೆ ಎಲ್ಲಿಯೂ ಒಂದು ಗರಿಯೂ ಕಡಮೆಯಾಗಿರಲಿಲ್ಲ.

ಎರಡನೆಯದು ಹೇನು. ಬಾತಿನ ಮೈಯಲ್ಲಿ ಹೇನು ಸೇರಿದರೆ ಕೊಕ್ಕಿಗೆ ಎಟುಕದ ತಲೆ ಕತ್ತುಗಳಲ್ಲಿಯೇ ಹೆಚ್ಚಾಗಿ ನಿಲ್ಲುವುದರಿಂದ ಈ ಸಂಶಯವು ನ್ಯಾಯವಾದದ್ದೇ. ಬೆಳಕಿಗೆ ಹಿಡಿದು, ಬೋಳಿನ ಅಂಚಿನ ಗರಿಗಳನ್ನು ಬೆರಳಿನಿಂದ ಎದುರು ದಿಕ್ಕಿಗೆ ಬಿಡಿಸಿ, ಗರಿಯ ಬುಡವನ್ನೂ ಚರ್ಮವನ್ನೂ ನೋಡಬೇಕು. ಹೇನಾಗಿದ್ದರೆ ಒಣಹುಲ್ಲಿನ ಬಣ್ಣದ ಸಣ್ಣ ಹುಳುಗಳು ಸರಸರನೆ ಓಡುವುವು, ಗರಿಯ ಬುಡದಲ್ಲಿ ಸೀರುಗಳು ಅಂಟಿಕೊಂಡಿರುವುವು. ರಕ್ತ ಹೀರುವ ಒಂದು ಜಾತಿಯ ನುಸಿಯಾದರೆ ಹಗಲಿನಲ್ಲಿ ಗೂಡಿನ ಬಿರುಕುಗಳಲ್ಲಿ ಅಡಗಿದ್ದು ರಾತ್ರಿ ಹಕ್ಕಿಯ ಮೇಲೆ ಹತ್ತುವುದು. ಅದನ್ನು ಕತ್ತಲಾದ ಮೇಲೆ ದೀಪ ಹಿಡಿದೇ ನೋಡಬೇಕು. ಮೀಯುವುದಕ್ಕೆ ಶುದ್ಧವಾದ ನೀರು ಇರುವ ಬಾತಿಗೆ ಈ ಕಾಟವು ಕೋಳಿಗಿಂತ ಬಹಳ ಕಡಮೆ. ಮಿಂದು ಬಂದ ಬಾತು ಬಾಲದ ಬುಡದ ಮೇಲಿರುವ ಎಣ್ಣೆಯ ಗ್ರಂಥಿಗೆ ತಲೆಯನ್ನುಜ್ಜಿ ಆ ಎಣ್ಣೆಯನ್ನು ಮೈಗೆಲ್ಲಾ ಸವರಿಕೊಳ್ಳುವುದನ್ನು ನೋಡಿದವರಿಗೆ ಇದರ ಕಾರಣವು ತಿಳಿದೀತು. ನೀರೆಂದರೆ ಕುಡಿಯುವ ತಟ್ಟೆಯ ನೀರಲ್ಲ; ತಲೆಯು ಕಣ್ಣಿನವರೆಗೂ ಮುಳುಗುವಷ್ಟಾದರೂ ಆಳವಿರಬೇಕು. ಬಾತುಗಳನ್ನು ಹಿಂಡಾಗಿ ಸಾಕುವವರು ೫೦ ಸೆಂಟಿಮೀಟರ್ ಅಗಲ, ೧೫ರಿಂದ ೨೦ ಸೆಂಟಿಮೀಟರ್ ಆಳದ ಕಾಲುವೆಯನ್ನು ದೊಡ್ಡಿಯ ಉದ್ದಕ್ಕೂ ಕಟ್ಟಿಸುವುದುಂಟು. ಈ ಮನೆಯ ಬಾತಿನಲ್ಲಿ ನಾವು ಅರ್ಧ ಗಂಟೆ ಹುಡುಕಿದರೂ ಒಂದು ಹೇನೂ ಸಿಕ್ಕಲಿಲ್ಲ. ಅದೇ ರಾತ್ರಿ ಗೂಡಿನಲ್ಲಿ ದೀಪ ಹಿಡಿದು ನೋಡಲು ಯಜಮಾನರಿಗೆ ಹೇಳಿದೆವು. ಅಲ್ಲಿಯೂ ಏನೂ ಕಾಣಲಿಲ್ಲವೆಂದು ಮರುದಿನ ತಿಳಿಯಿತು.

ಉಳಿದದ್ದು ಮೂರನೆಯದು. "ಈ ಹಿತ್ತಿಲಲ್ಲಿ ಬೇರೆ ಬಾತುಗಳಿವೆಯೆ?" ಎಂದು ಕೇಳಿದೆವು. "ಇದರ ಜೋಡಿ ಒಂದು ಗಂಡಿದೆ. ಅದಕ್ಕೆ ಯಾವ ರೋಗವೂ ಇಲ್ಲ, ಗುಂಡುಕಲ್ಲಿನ ಹಾಗಿದೆ" ಎಂದರು ಯಜಮಾನರು. ಮಗುವು ಅಷ್ಟು ಹೊತ್ತಿಗೆ ಮೊದಲ ಸಲ ಬಾಯಿ ಬಿಟ್ಟು, "ತಾತ, ಅದು ದಿನಾ ಇದರ ಕತ್ತು ಕಚ್ಚಿಕೊಂಡು ಮೇಲೆ ಹತ್ತುತ್ತೆ" ಎಂದಿತು. ಕೇಳಬೇಕಾದವರನ್ನು ಯಾರೂ ಕೇಳಿರಲಿಲ್ಲ.

ಬಾತುಗಳ ಸಂಯೋಗದ ಕ್ರಮವನ್ನು ಇಲ್ಲಿ ಸ್ವಲ್ಪ ವಿವರಿಸುವುದು ಅವಶ್ಯಕ. ಗಂಡುಬಾತು ಹೆಣ್ಣಿನ ಬೆನ್ನೇರುವಾಗ ಜಾರಿ ಬೀಳದಂತೆ ಅದರ ಹೆಡತಲೆಯ ಗರಿಗಳನ್ನು ಕೊಕ್ಕಿನಿಂದ ಬಿಗಿಯಾಗಿ ಹಿಡಿದುಕೊಳ್ಳುವುದು. ಇದು ಎಲ್ಲಾ ಬಾತುಗಳಲ್ಲಿಯೂ ನಡೆಯುವುದೇ. ಹೆಣ್ಣುಗಳು ಹಲವಾಗಿದ್ದರೆ ಯಾವ ಒಂದರ ಕತ್ತೂ ಬೋಳಾಗುವಷ್ಟು ಸವೆಯುವುದಿಲ್ಲ. ಅದಕ್ಕಾಗಿಯೇ ಮರಿ ಮಾಡಿಸುವವರು ಒಂದು ಗಂಡಿಗೆ ಐದಾರು ಹೆಣ್ಣುಗಳ ಲೆಕ್ಕದಲ್ಲಿ ಬಿಡುವರು. ಮಕ್ಕಳಿಗೆಂದು ತರುವವರಾದರೋ, ಒಂಟಿಯಾಗಬಾರದು, ಜೋಡಿ ಇರಲಿ ಎಂಬ ಒಳ್ಳೆಯ ಮನಸ್ಸಿನಿಂದ ಒಂದು ಗಂಡು ಒಂದು ಹೆಣ್ಣು ತರುವರು. ಮನುಷ್ಯರಿಗೆ ಒಪ್ಪುವ ಈ ಲೆಕ್ಕವು ಬಾತಿಗೆ ಒಪ್ಪುವುದಿಲ್ಲ. ಮೊಟ್ಟೆ ಇಡುವ ಕಾಲದಲ್ಲಿ ಗಂಡು ದಿನಕ್ಕೆ ಅನೇಕ ಸಲ ಅದೊಂದನ್ನೇ ಅಟ್ಟಿ ಹಿಡಿಯುವುದು. ಎರಡು ಗಂಡು ಒಂದು ಹೆಣ್ಣಾದರೆ ಅದರ ಪಾಡನ್ನು ಹೇಳತೀರದು. ಕೆಲವು ವೇಳೆ ನೀರಿನಲ್ಲಿ ತಲೆಯನ್ನು ಒತ್ತಿಹಿಡಿದು ಹೆಣ್ಣು ಮುಳುಗಿ ಸಾಯುವುದೂ ಉಂಟು. ಕೊಳದಲ್ಲಾದರೆ ನೀರು ಹೆಣ್ಣಿನ ಮೈಭಾರವನ್ನು ಹೊರುವುದರಿಂದ ಪೆಟ್ಟು ಕಡಮೆ; ಈ ಮನೆಯಲ್ಲಿದ್ದಂತೆ ಮೊಣಕೈ ಆಳದ ಬಾನಿಯೊಂದೇ ಇದ್ದಲ್ಲಿ ಎಲ್ಲವೂ ಗಟ್ಟಿ ನೆಲದ ಮೇಲೆಯೇ ಆಗಬೇಕು.

ಆ ಗಂಡನ್ನೂ ಹಿಡಿಸಿ ನೋಡಿದೆವು. ಕಾಕಿ ಕ್ಯಾಂಬೆಲ್ ಜಾತಿಯದು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಇಂಗ್ಲೆಂಡಿನ ಗ್ಲಾಸ್ಟರ್‌ಷೈರಿನಲ್ಲಿ ಕ್ಯಾಂಬೆಲ್ ಎಂಬ ಮಹಿಳೆಯು ಸಿದ್ಧಪಡಿಸಿದ, ಮೊಟ್ಟೆಗೆ ಹೆಸರಾದ ತಳಿ. ಬಾಲದ ಮೇಲೆ ಮೇಲಕ್ಕೆ ಸುರುಳಿಯಾದ ಗರಿಗಳಿದ್ದವು, ಕೂಗು ಗೊಗ್ಗರಾಗಿತ್ತು. ಗಂಡೆಂದು ತಿಳಿಯುವುದಕ್ಕೆ ಈ ಎರಡು ಗುರುತುಗಳು ಸಾಕು. ಗಟ್ಟಿಯಾಗಿ ಕ್ವಾಕ್ ಕ್ವಾಕ್ ಎಂದು ಊರೆಲ್ಲಾ ಕೇಳುವಂತೆ ಕೂಗುವುದು ಹೆಣ್ಣು. ಗರಿ ಬಿಡುವ ಕಾಲದಲ್ಲಿ ಗಂಡಿನ ಬಾಲದ ಸುರುಳಿಯೂ ಉದುರಬಹುದಾದ್ದರಿಂದ ಕೂಗನ್ನೇ ನಂಬುವುದು ಮೇಲು. ಯಜಮಾನರು ಆಗ ನೆನಪು ಮಾಡಿಕೊಂಡು, ನಾಲ್ಕು ತಿಂಗಳ ಹಿಂದೆ ತಮ್ಮ ಒಂದು ಹೇಂಟೆಯನ್ನೂ ಈ ಗಂಡು ಕೆಡವಿದ್ದಿತೆಂದೂ, ಹೇಂಟೆ ಹಲವು ದಿನ ಕುಂಟಿತೆಂದೂ ಹೇಳಿದರು. ಗಂಡುಬಾತಿನ ಅಂಗರಚನೆಯು ಹುಂಜದ್ದಕ್ಕಿಂತ ಬೇರೆ. ಅದು ಕೋಳಿಯನ್ನು ಕೂಡಿದರೆ ಕೋಳಿಗೆ ಒಳಗಾಯವಾಗಬಹುದು. ಆದಕಾರಣ ಜೊತೆಯಿಲ್ಲದ ಗಂಡುಬಾತನ್ನು ಕೋಳಿಗಳ ನಡುವೆ ಬಿಡುವುದು ಅಪಾಯಕರ.

ಹುಣ್ಣನ್ನು ಕಾಸಿ ಆರಿಸಿದ ಉಪ್ಪುನೀರಿನಿಂದ ದಿನಕ್ಕೊಮ್ಮೆ ತೊಳೆದು ನೊಣ ಕೂರದಂತೆ ನೋಡಿಕೊಳ್ಳಬೇಕೆಂದೂ, ಕೀವಾದರೆ ಪಶುವೈದ್ಯರಿಗೆ ತೋರಿಸಬೇಕೆಂದೂ, ಎರಡನ್ನೂ ಬೇರೆ ಬೇರೆ ಇಡಬೇಕೆಂದೂ ತಿಳಿಸಿ ಹೊರಟೆವು. ಹಕ್ಕಿಯು ಮಂಕಾಗಿ ಮೇವು ಬಿಟ್ಟು, ಹಿಕ್ಕೆ ಹಸಿರಾಗಿ ನೀರಾಗಿ ಹೋಗುತ್ತಿದ್ದರೆ ಅದು ಬೇರೆ ವಿಷಯ. ಆಗ ಗರಿಯನ್ನು ಎಣಿಸುತ್ತಾ ಕೂರದೆ ಅದೇ ದಿನ ವೈದ್ಯರನ್ನು ಕರೆಸತಕ್ಕದ್ದು. ಇಲ್ಲಿ ಅಂಥ ಲಕ್ಷಣವಾವುದೂ ಇರಲಿಲ್ಲ.

ಗಂಟಲಿನ ಮುಂಭಾಗದ ಬೋಳನ್ನು ನಾವು ಕಂಡಿದ್ದೆವು, ಆದರೆ ವಿಚಾರಿಸಲಿಲ್ಲ. ಒಂದು ಕಾರಣ ಸಿಕ್ಕಿತೆಂಬ ಸಂತೋಷದಲ್ಲಿ ಅದನ್ನೂ ಗಂಡಿನ ತಲೆಗೇ ಕಟ್ಟಿಬಿಟ್ಟೆವು. ಹಿಂದಿನಿಂದ ಏರುವ ಪ್ರಾಣಿಯು ಗಂಟಲಿನ ಮುಂದಿನ ಗರಿಯನ್ನು ಹೇಗೆ ಹಿಡಿದೀತು ಎಂದು ಯೋಚಿಸಿದ್ದರೆ ಆಗಲೇ ಗೊತ್ತಾಗಬೇಕಾಗಿತ್ತು.

ಮೂರು ವಾರಗಳ ತರುವಾಯ ಯಜಮಾನರಿಂದ ಸುದ್ದಿ ಬಂದಿತು: ಹೆಡತಲೆಯಲ್ಲಿ ಮೊಳಕೆ ಕಾಣುತ್ತಿದೆ, ಮುಂದಿನ ಬೋಳು ಮಾತ್ರ ಮೊದಲಿನದಕ್ಕಿಂತ ಎರಡರಷ್ಟಾಗಿದೆ, ರೋಗವೇ ಇರಬೇಕು ಎಂದು ಮನೆಯಲ್ಲಿ ಪುನಃ ಮಾತಾಗುತ್ತಿದೆ. ನಾವು ಪುನಃ ಹೋದೆವು. ಹೋಗಿ ನೋಡಿದರೆ ಹೊರಗೆ ಹಾಯಾಗಿ ಮೇಯುತ್ತಿದ್ದುದು ಗಂಡು. ತಂತಿಬಲೆಯ ಗೂಡಿನಲ್ಲಿ ಹಗಲು ರಾತ್ರಿ ಸೆರೆಯಾಗಿದ್ದುದು ಹೆಣ್ಣು. "ಬೇರೆ ಇಡಿ" ಎಂದ ನಾವು ಯಾವುದನ್ನು ಎಂದು ಹೇಳಿರಲಿಲ್ಲ. ಮೇವಿನ ತಟ್ಟೆಯು ಮಣ್ಣಾಗದಿರಲೆಂದು ಬಲೆಯ ಹೊರಗಡೆ ಇತ್ತು. ಬಾತು ಪ್ರತಿ ತುತ್ತಿಗೂ ಬಲೆಯ ಕಣ್ಣಿನಲ್ಲಿ ತಲೆ ತೂರಿಸಿ, ಕೆಳಗಿನ ತಂತಿಗೆ ಗಂಟಲನ್ನು ಒತ್ತಿ ತಿನ್ನುತ್ತಿತ್ತು. ಮೊದಲು ರಾತ್ರಿಯ ಹೊತ್ತು ಮಾತ್ರ ಆಗುತ್ತಿದ್ದ ಉಜ್ಜಾಟವು ನಮ್ಮ ಸಲಹೆಯ ಫಲವಾಗಿ ಇಡೀ ದಿನಕ್ಕೆ ಬೆಳೆದಿತ್ತು. ಬೆರಳಿನಿಂದ ಸವರಿ ನೋಡಲಾಗಿ ಮುಂಭಾಗದ ಚರ್ಮವು ನಿಜವಾಗಿ ಬೋಳಾಗಿರಲಿಲ್ಲ. ಕೊಯ್ದ ಗದ್ದೆಯ ಕೂಳೆಯಂತೆ ಗರಿಯ ಮೋಟುಗಳು ಕೈಗೆ ತಗುಲುತ್ತಿದ್ದವು.

ಈ ವ್ಯತ್ಯಾಸವು ಮುಖ್ಯವಾದದ್ದು. ಬುಡಸಹಿತ ಕಿತ್ತುಹೋದ ಗರಿಯ ಜಾಗದಲ್ಲಿ ಕೆಲವೇ ವಾರಗಳಲ್ಲಿ ಹೊಸ ಗರಿ ಹುಟ್ಟುವುದು. ಮುರಿದ ಗರಿಯ ಮೋಟು ಚರ್ಮದಲ್ಲಿ ಉಳಿದಿದ್ದರೆ, ಮುಂದಿನ ಸಲ ಗರಿ ಬಿಡುವ ಕಾಲದವರೆಗೂ ಅಲ್ಲಿ ಹೊಸದು ಬಾರದು. ಕಾರಣವನ್ನು ಸರಿಪಡಿಸಿದ ಮೇಲೂ ಬೋಳು ಹಾಗೆಯೇ ಇದೆಯೆಂದು ಧೈರ್ಯಗೆಡುವವರು ಇದನ್ನು ತಿಳಿದಿರಬೇಕು. ಮೋಟುಗಳನ್ನು ಕೀಳಲು ಹೋಗಬಾರದು. ಹೊಸ ಮೊಳಕೆಗರಿಗಳನ್ನಂತೂ ಮುಟ್ಟಲೇಬಾರದು. ಅವುಗಳ ಒಳಗೆ ರಕ್ತ ಹರಿಯುತ್ತಿರುವುದರಿಂದ ಮುರಿದರೆ ನೋವೂ ರಕ್ತಸ್ರಾವವೂ ಆಗುವುದು. ಆ ಕೆಂಪು ಮೊಳಕೆಯನ್ನು ಕಂಡು ಇತರ ಹಕ್ಕಿಗಳು ಕುಕ್ಕುವುದೂ ಉಂಟು.

ಹೊಸ ಗರಿ ಬರುವಾಗ ಆಹಾರದ ಕಡೆಗೂ ಗಮನವಿರಬೇಕು. ಗರಿಯ ಬಹುಭಾಗವು ಸಸಾರಜನಕವೇ. ಅನ್ನ, ಕಲಗಚ್ಚು, ತೌಡುಗಳಿಂದ ಹೊಟ್ಟೆ ತುಂಬೀತೇ ಹೊರತು ಗರಿ ಬೆಳೆಯದು. ಮೊಟ್ಟೆ ಇಡುವ ಬಾತಿನ ಮೇವಿನಲ್ಲಿ ನೂರಕ್ಕೆ ೧೬ರಿಂದ ೧೮ ಭಾಗ ಸಸಾರಜನಕವಿರಬೇಕೆಂದು ಲೆಕ್ಕ. ಗದ್ದೆಯಲ್ಲಿ ಹುಳು, ಬಸವನಹುಳು, ಕಪ್ಪೆಮರಿಗಳನ್ನು ತಿಂದು ಬರುವ ಬಾತಿಗೆ ಇದು ತಾನೇ ದೊರೆಯುವುದು, ಹಿತ್ತಿಲಿನದಕ್ಕೆ ಮೀನುಪುಡಿಯನ್ನೋ ಹಿಂಡಿಯನ್ನೋ ಕೊಡಬೇಕು. ಎಳೆಯ ಬಾತುಗಳಿಗೆ ನಿಯಾಸಿನ್ ಎಂಬ ಜೀವಸತ್ತ್ವವು ಕೋಳಿಮರಿಗಳಿಗಿಂತ ಸುಮಾರು ಎರಡರಷ್ಟು ಬೇಕು. ಅದು ಸಾಲದಾದರೆ ಕಾಲು ಸೊಟ್ಟಗಾಗುವುದಲ್ಲದೆ ಗರಿಯೂ ಕಳಪೆಯಾಗುವುದು. ಹಿಂಡಿಯ ವಿಷಯದಲ್ಲಿ ಒಂದು ಎಚ್ಚರಿಕೆ. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯನ್ನು, ದನ ತಿನ್ನುತ್ತಿದೆಯಲ್ಲಾ ಎಂದು ಬಾತಿಗೆ ಹಾಕಬೇಡಿರಿ. ಆ ಬೂಷ್ಟಿನ ವಿಷಕ್ಕೆ ಬಾತಿನಷ್ಟು ಬೇಗ ಬಲಿಯಾಗುವ ಸಾಕುಹಕ್ಕಿಗಳು ವಿರಳ. ೧೯೬೦ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೆ ಮಿಕ್ಕಿದ ಟರ್ಕಿಕೋಳಿಗಳೂ, ಅವುಗಳೊಂದಿಗೆ ಬಾತಿನ ಮರಿಗಳೂ ಸತ್ತಾಗ, ಕಾರಣವು ಇಂಥ ಹಿಂಡಿಯೇ ಎಂದು ಪತ್ತೆಯಾಯಿತು. ಅಫ್ಲಟಾಕ್ಸಿನ್ ಎಂಬ ಹೆಸರು ಬಂದದ್ದು ಆಗಿನ ಶೋಧನೆಯಿಂದಲೇ.

ಎರಡನೆಯ ಭೇಟಿಯಲ್ಲಿ ಮೇವಿನ ತಟ್ಟೆಯನ್ನು ಗೂಡಿನ ಒಳಕ್ಕೆ ಇಡಿಸಿ, ತಂತಿಬಲೆಯ ಕೆಳಭಾಗಕ್ಕೆ ಒಂದು ಅಡಿ ಎತ್ತರ ಹಲಗೆ ಹೊಡೆಸಿದೆವು. ಗಂಡನ್ನು ಏನು ಮಾಡುವುದೆಂಬ ಪ್ರಶ್ನೆ ಬಂದಿತು. ಕೊಯ್ಯುವುದಕ್ಕೆ ಮಗು ಒಪ್ಪಲಿಲ್ಲ; ಅದೂ ಅವಳ ಕೈಯಲ್ಲಿ ಬೆಳೆದದ್ದೇ. ಪಕ್ಕದ ಊರಿನಲ್ಲಿ ಯಜಮಾನರ ಬೀಗರ ಕೆರೆಯಂಗಳದ ಮನೆಯಲ್ಲಿ ಏಳು ಹೆಣ್ಣುಬಾತುಗಳಿದ್ದು ಗಂಡು ಇರಲಿಲ್ಲ. ಗಂಡು ಅಲ್ಲಿಗೆ ಹೋಯಿತು, ಅಲ್ಲಿಂದ ಎರಡು ಹೆಣ್ಣುಗಳು ಇಲ್ಲಿಗೆ ಬಂದವು. ಬಾತು ಗುಂಪಿನ ಪ್ರಾಣಿ, ಒಂಟಿಯಾಗಿ ಇಡಬಾರದು. ಆದರೆ ಅದರ ಜೊತೆಗೆ ಗಂಡೇ ಆಗಬೇಕೆಂದಿಲ್ಲ. ಗಂಡಿಲ್ಲದಿದ್ದರೂ ಹೆಣ್ಣು ಮೊಟ್ಟೆ ಇಡುವುದು. ಆ ಮೊಟ್ಟೆ ಮರಿಯಾಗದು, ಅಷ್ಟೆ. ಅಡಿಗೆಗೆ ಯಾವ ಕೊರತೆಯೂ ಇಲ್ಲ. ಗಂಡುಗಳನ್ನೇ ಇಟ್ಟುಕೊಳ್ಳಬೇಕೆಂಬವರು, ಹೆಣ್ಣು ಕಣ್ಣಿಗೆ ಬೀಳದ ಕಡೆ, ಎರಡು ಮೂರು ಗಂಡುಗಳನ್ನೇ ಒಟ್ಟಿಗೆ ಬಿಟ್ಟರೆ ಅವು ಸಾಮಾನ್ಯವಾಗಿ ಜಗಳವಾಡದೆ ಇರುವುವು.

ಗಂಡು ಹೋದ ಐದನೆಯ ವಾರ ನಾವು ಬೇರೆ ಕೆಲಸದ ಮೇಲೆ ಆ ದಾರಿಯಲ್ಲಿ ಹೋಗುತ್ತಾ ಇಳಿದು ನೋಡಿದೆವು. ಹೆಡತಲೆಯಲ್ಲಿ ಹಳೆಯ ಗರಿ ಯಾವುದು ಹೊಸದು ಯಾವುದೆಂದು ಗುರುತಿಸಲಾಗದಷ್ಟು ತುಂಬಿತ್ತು. ಗಂಟಲಿನ ಮುಂದಿನ ಕೂಳೆ ಮಾತ್ರ ಹಾಗೆಯೇ ಇತ್ತು. ಇದು ಯಾವಾಗ ಹೋಗುವುದೆಂದು ಮಗು ಕೇಳಿದಳು. ಬಾತು ಮೊಟ್ಟೆ ನಿಲ್ಲಿಸಿ, ಅಂಗಳದ ತುಂಬ ಬಿಳಿ ಗರಿ ಬೀಳತೊಡಗಿದಾಗ ಎಂದು ಹೇಳಿದೆವು. ಅಂದಿನಿಂದ ಅವಳು ಬೆಳಗ್ಗೆ ಸಿಕ್ಕಿದ ಮೊಟ್ಟೆಗೊಂದು ಗೀಟಿನಂತೆ ಹಿತ್ತಿಲ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆಯುತ್ತಿದ್ದಾಳೆಂದು ಯಜಮಾನರು ತಿಳಿಸಿರುವರು.